ಸಿಂಹ ತೋರಿಸಿದವರಿಗೆ ಎಷ್ಟು ಕೊಡಬೇಕು?

ಏಳು ದಿನದ ಸಫಾರಿ ಮುಗಿದಿದೆ. ಸಿಂಹ ಕಂಡಾಯಿತು, ಆನೆ ಹಿಂಡು ಕಂಡಾಯಿತು, ಸೂರ್ಯಾಸ್ತಕ್ಕೆ ಅಡ್ಡಲಾಗಿ ನಿಂತ ಜಿರಾಫೆಯ ಚಿತ್ರವೂ ಆಯಿತು. ನೈರೋಬಿಯ ವಿಮಾನ ನಿಲ್ದಾಣದ ಮುಂದೆ ಲ್ಯಾಂಡ್ ಕ್ರೂಸರ್ ನಿಂತಿದೆ. ಏಳು ದಿನವೂ ಜತೆಗಿದ್ದ ಚಾಲಕ ಸೂಟ್‌ಕೇಸುಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾನೆ. ಗಾಡಿಯ ಇನ್ನೊಂದು ಬದಿಯಲ್ಲಿ ಗಂಡ ಹೆಂಡಿರ ನಡುವೆ ಪಿಸುಮಾತಿನ ಸಭೆ.

‘ಎಷ್ಟು ಕೊಡೋದು?’

‘ಕಂಪನಿಯವರಿಗೆ ಅಷ್ಟೊಂದು ಸುರಿದಿದ್ದೀವಲ್ಲ, ಇನ್ನೇನು ಕೊಡೋದು?’

‘ಐವತ್ತು ಸಾಕೇನೋ.’

‘ಇರೋದೆಲ್ಲ ನೂರರ ನೋಟು. ಚಿಲ್ಲರೆ ಕೇಳೋಕಾಗುತ್ತಾ?’

ಆಫ್ರಿಕಾ ಪ್ರವಾಸಕ್ಕೆ ಹೊರಡುವವರು ಹಳದಿ ಜ್ವರದ ಚುಚ್ಚುಮದ್ದಿನಿಂದ ಹಿಡಿದು ದುರ್ಬೀನಿನವರೆಗೆ ಎಲ್ಲಕ್ಕೂ ತಯಾರಾಗುತ್ತಾರೆ. ಈ ಐದು ನಿಮಿಷಕ್ಕೆ ಮಾತ್ರ ಯಾರೂ ತಯಾರಾಗಿರುವುದಿಲ್ಲ. ಹೀಗಾಗಿ ಕೆಲವರು ಮುಜುಗರಕ್ಕೆ ಸಿಕ್ಕಿ ಲೆಕ್ಕವಿಲ್ಲದೆ ಕೊಡುತ್ತಾರೆ. ಇನ್ನು ಕೆಲವರು ಅದೇ ಮುಜುಗರಕ್ಕೆ ಕೈ ಕುಲುಕಿ, ಬೆನ್ನು ತಟ್ಟಿ, ಒಂದು ಫೋಟೊ ತೆಗೆಸಿಕೊಂಡು ಒಳಗೆ ನಡೆದುಬಿಡುತ್ತಾರೆ.

ಮಾತು ಹೊಸದಾದರೂ ಪದ ಹೊಸದಲ್ಲ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಟಿಪ್ಸಿಗೆ ‘ಬಕ್ಷೀಷಿ’ ಎನ್ನುತ್ತಾರೆ. ನಮ್ಮ ಬಕ್ಷೀಸಿನ ಅಣ್ಣನೋ ತಮ್ಮನೋ ಇರಬೇಕು. ಎರಡೂ ಪಾರ್ಸಿ ಮನೆಯವೇ. ‘ಸಫಾರಿ’ ಎಂದರೆ ಅಲ್ಲಿ ಬರೀ ಪ್ರಯಾಣ. ಅರಬ್ಬೀ ಮೂಲದ ‘ಸಫರ್’ ಅದರೊಳಗೇ ಕೂತಿದೆ. ಗಾಡಿಗೆ ಅಲ್ಲಿಯೂ ‘ಗಾರಿ’, ಅಂಗಡಿಗೆ ‘ದುಕಾ’. ಹಿಂದೂ ಮಹಾಸಾಗರದ ಹಾಯಿ ಹಡಗುಗಳು ಲವಂಗದ ಜತೆ ಮಾತನ್ನೂ ಸಾಗಿಸಿದವು. ಅಷ್ಟೇ ಏಕೆ, 1920ರ ತನಕ ಕೀನ್ಯಾದ ಸೀಮೆಯಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಮೊಂಬಾಸಾದಲ್ಲಿ ಇಳಿದು ಬೇಟೆಗೆ ಹೊರಟಾಗ ಅವರ ಹಿಂದೆ ಇನ್ನೂರಕ್ಕೂ ಹೆಚ್ಚು ಹಮಾಲರ ಸಾಲು ನಡೆದಿತ್ತು. ಡೇರೆ, ಉಪ್ಪು, ಪುಸ್ತಕ, ಚರ್ಮ ಎಲ್ಲವೂ ಮನುಷ್ಯರ ತಲೆಯ ಮೇಲೆ ಸಾಗಿದ ಕಾಲ ಅದು. ಇಂದು ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದಿದೆ, ತಲೆಹೊರೆಯ ಜಾಗಕ್ಕೆ ಜೀಪು ಬಂದಿದೆ. ಪ್ರವಾಸಿಯೊಬ್ಬನ ಸುಖಕ್ಕೆ ಕಾಣದ ಹತ್ತಾರು ಕೈಗಳು ದುಡಿಯುವ ಏರ್ಪಾಡು ಮಾತ್ರ ಹಾಗೆಯೇ ಇದೆ.

ಕಂಪನಿಗೆ ಹಣ ಕೊಟ್ಟ ಮೇಲೆ ಮತ್ತೇಕೆ ಎನ್ನುವ ಪ್ರಶ್ನೆ ತಪ್ಪಲ್ಲ. ಕೊಟ್ಟ ಹಣದಲ್ಲಿ ದೊಡ್ಡ ಪಾಲು ಉದ್ಯಾನದ ಪ್ರವೇಶ ಶುಲ್ಕ, ವಸತಿ, ಡೀಸೆಲ್ಲು, ಮಧ್ಯವರ್ತಿಗಳ ಕಮಿಷನ್ ಎಂದು ಹೋಗುತ್ತದೆ. ಚಾಲಕ-ಮಾರ್ಗದರ್ಶಿಗಳಲ್ಲಿ ಅನೇಕರಿಗೆ ತಿಂಗಳ ಸಂಬಳ ಎಂಬುದೇ ಇರುವುದಿಲ್ಲ. ಗಾಡಿ ಹತ್ತಿದ ದಿನಕ್ಕೆ ದಿನಗೂಲಿ. ಕಾಡುಕೋಣದಂಥ ವೈಲ್ಡ್‌ಬೀಸ್ಟ್ ಹಿಂಡುಗಳು ನದಿ ದಾಟುವ ಜುಲೈನಿಂದ ಅಕ್ಟೋಬರ್‌ವರೆಗೆ ಬಿಡುವಿಲ್ಲದ ದುಡಿಮೆ. ಏಪ್ರಿಲ್-ಮೇ ತಿಂಗಳ ಮಳೆ ಬಂತೆಂದರೆ ಮನೆಯಲ್ಲೇ. ಇಂಥ ಕೆಲಸದಲ್ಲಿ ಟಿಪ್ಸು ಊಟದ ಮೇಲಿನ ಪಾಯಸವಲ್ಲ, ಊಟದ್ದೇ ಒಂದು ಭಾಗ. ಇದು ನ್ಯಾಯವಾದ ಪದ್ಧತಿಯೇ ಎಂದರೆ ಅಲ್ಲ. ಸಂಬಳದ ಭಾರವನ್ನು ಮಾಲೀಕರು ಗಿರಾಕಿಯ ಹೆಗಲಿಗೆ ಜಾರಿಸುವ ಉಪಾಯ ಇದು. ಆದರೆ ಅದನ್ನು ಪ್ರತಿಭಟಿಸಲು ಸೂಟ್‌ಕೇಸು ಇಳಿಸುತ್ತಿರುವ ಮನುಷ್ಯನ ಎದುರು ಕೈ ಮುಚ್ಚುವುದು ಸರಿಯಾದ ಜಾಗವಲ್ಲ. 2020ರಲ್ಲಿ ಕೋವಿಡ್ಡಿನಿಂದ ವಿಮಾನಗಳು ನಿಂತಾಗ ದಿನಗೂಲಿಯೂ ನಿಂತಿತು, ಬಕ್ಷೀಸೂ ನಿಂತಿತು.

ಆತನನ್ನು ಬರೀ ‘ಡ್ರೈವರ್’ ಎಂದು ಕರೆಯುವುದೂ ಅರ್ಧ ಸತ್ಯ. ಕೀನ್ಯಾದಲ್ಲಿ ಸಫಾರಿ ಮಾರ್ಗದರ್ಶಿಗಳ ವೃತ್ತಿ ಸಂಘವೇ ಇದೆ. ಅದು ನಡೆಸುವ ಪರೀಕ್ಷೆ ಪಾಸಾದವರಿಗೆ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆ. ಹಕ್ಕಿಯ ಹೆಸರು, ಹುಲ್ಲಿನ ಜಾತಿ, ಹೆಜ್ಜೆ ಗುರುತು ಎಲ್ಲ ಓದಿಕೊಂಡಿರಬೇಕು. ಕೆಟ್ಟ ರಸ್ತೆಯಲ್ಲಿ ಟೈರು ಬದಲಿಸಲೂ ಬರಬೇಕು. ಅಂಗಿಯ ಮೇಲೆ ಅಂಥ ಬ್ಯಾಡ್ಜು ಕಂಡರೆ ಅದರ ಬಗ್ಗೆ ಎರಡು ಮಾತು ಕೇಳಿನೋಡಿ. ಮುಖ ಅರಳುತ್ತದೆ.

ಇನ್ನು ಎಷ್ಟು? ಇಲ್ಲಿಯೇ ದೊಡ್ಡ ಗೊಂದಲ. ಚಾಲಕ-ಮಾರ್ಗದರ್ಶಿಗೆ ದಿನಕ್ಕೆ ಹತ್ತರಿಂದ ಹದಿನೈದು ಡಾಲರ್ ಎಂದು ಒಬ್ಬರು ಹೇಳುತ್ತಾರೆ. ಇಪ್ಪತ್ತರಿಂದ ಇಪ್ಪತ್ತೈದು ಎಂದು ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯದು ತಲೆಗೆ, ಎರಡನೆಯದು ಇಡೀ ಗಾಡಿಗೆ. ನಾಲ್ಕು ಜನರ ಕುಟುಂಬ ಏಳು ದಿನ ಸುತ್ತಿದರೆ ತಲೆಗೆ ಹತ್ತರಂತೆ 280 ಡಾಲರ್ ಆಗುತ್ತದೆ. ಗಾಡಿಗೆ ಇಪ್ಪತ್ತೈದರಂತೆ 175. ಇದನ್ನು ಹೊರಡುವ ಮೊದಲೇ ಕಂಪನಿಯನ್ನು ಕೇಳಿಕೊಂಡರೆ ವಿಮಾನ ನಿಲ್ದಾಣದ ಪಿಸುಮಾತು ತಪ್ಪುತ್ತದೆ. ದಂಪತಿ ಇಬ್ಬರೇ ಇದ್ದು ಗಾಡಿ ಪೂರ್ತಿ ಅವರದ್ದೇ ಆಗಿದ್ದರೆ ಗಾಡಿಯ ಲೆಕ್ಕ ಸರಿ. ಏಳು ಜನ ತುಂಬಿದ್ದರೆ ತಲೆಯ ಲೆಕ್ಕಕ್ಕೆ ಹತ್ತಿರ ಹೋಗುವುದು ಮರ್ಯಾದೆ. ದಿನದಿನವೂ ಕೊಡಬೇಕಿಲ್ಲ. ಕೊನೆಯ ದಿನ ಒಂದು ಲಕೋಟೆಯಲ್ಲಿ ಹಾಕಿ, ಸ್ವತಃ ಕೈಗೆ ಕೊಟ್ಟು, ‘ಅಸಾಂಟೆ ಸಾನಾ’ ಎಂದರೆ ಆಯಿತು. ಬಹಳ ಧನ್ಯವಾದ ಎಂದು ಅರ್ಥ. ಭಾರತದಿಂದ ಹೋಗುವ ತಂಡ ಪ್ರವಾಸಗಳಲ್ಲಿ ಟಿಪ್ಸಿನ ಹಣವನ್ನು ಮೊದಲೇ ವಸೂಲು ಮಾಡುವುದುಂಟು. ಆಗ ಅದು ಯಾರಿಗೆ, ಎಷ್ಟು ಸೇರುತ್ತದೆ ಎಂದು ಕೇಳಲು ಸಂಕೋಚ ಪಡಬೇಕಿಲ್ಲ.

ದಕ್ಷಿಣ ಆಫ್ರಿಕಾದ ಕಡೆ ಹೋದರೆ ಪದ್ಧತಿ ಸ್ವಲ್ಪ ಬೇರೆ. ಅಲ್ಲಿನ ಖಾಸಗಿ ಮೀಸಲು ಕಾಡುಗಳಲ್ಲಿ ಜೀಪಿನ ಮುಂಭಾಗಕ್ಕೆ ಬೆಸೆದ ಪುಟ್ಟ ಕುರ್ಚಿಯ ಮೇಲೆ ಇನ್ನೊಬ್ಬ ಕುಳಿತಿರುತ್ತಾನೆ. ಆತ ಜಾಡು ಹಿಡಿಯುವವನು. ಧೂಳಿನಲ್ಲಿ ಮೂಡಿದ ಅರ್ಧ ಹೆಜ್ಜೆ ನೋಡಿ ಚಿರತೆ ಎತ್ತ ಹೋಯಿತೆಂದು ಬೆರಳು ತೋರಿಸುವ ಆತ ಮಾತನಾಡುವುದು ಕಡಿಮೆ. ಮಾತನಾಡುವವನು ಹಿಂದೆ ಸ್ಟಿಯರಿಂಗ್ ಹಿಡಿದ ಮಾರ್ಗದರ್ಶಿ. ಹೀಗಾಗಿ ಲಕೋಟೆಯೂ ಮಾತನಾಡಿದವನ ಕೈಗೇ ಹೋಗುತ್ತದೆ. ಇಬ್ಬರಿಗೂ ಪ್ರತ್ಯೇಕ ಲಕೋಟೆ ಮಾಡಬೇಕು.

ಬಿಡಾರಗಳಲ್ಲಿ ಈ ತೊಂದರೆಗೆ ಒಂದು ಪೆಟ್ಟಿಗೆಯ ಪರಿಹಾರ ಇದೆ. ಸ್ವಾಗತದ ಮೇಜಿನ ಮೇಲೆ ಬೀಗ ಹಾಕಿದ ಮರದ ಡಬ್ಬಿ. ಅದಕ್ಕೆ ಬಿದ್ದದ್ದನ್ನು ಸಿಬ್ಬಂದಿ ಹಂಚಿಕೊಳ್ಳುತ್ತಾರೆ. ಊಟದ ಮೇಜಿನಲ್ಲಿ ನಗುನಗುತ್ತಾ ಬಡಿಸಿದವನನ್ನು ಎಲ್ಲರೂ ನೋಡಿರುತ್ತಾರೆ. ಹಿಂದೆ ಪಾತ್ರೆ ಉಜ್ಜಿದವನನ್ನು, ಕೆಂಪು ಧೂಳು ತುಂಬಿದ ಅಂಗಿ ಒಗೆದವಳನ್ನು, ಬೆಳಗಿನ ಜಾವ ಬಿಸಿನೀರಿನ ಬಕೆಟ್ಟು ಹೊತ್ತು ತಂದು ಡೇರೆಯ ಹಿಂದೆ ಸುರಿದವನನ್ನು ಯಾರೂ ನೋಡಿರುವುದಿಲ್ಲ. ರಾತ್ರಿ ಊಟ ಮುಗಿಸಿ ಡೇರೆಗೆ ಮರಳುವಾಗ ದೀಪ ಹಿಡಿದು ಜತೆಗೆ ಬರುವ ‘ಅಸ್ಕಾರಿ’ಯೂ ಆ ಡಬ್ಬಿಯ ಪಾಲುದಾರನೇ. ನೀರಾನೆ ಹುಲ್ಲು ಮೇಯಲು ಬಿಡಾರದೊಳಗೆ ಬರುವ ಜಾಗಗಳಲ್ಲಿ ಆತನ ದೀಪದ ಬೆಲೆ ಗೊತ್ತಾಗುತ್ತದೆ. ರಾತ್ರಿಗೆ ತಲೆಗೆ ಐದರಿಂದ ಹತ್ತು ಡಾಲರ್ ಡಬ್ಬಿಗೆ ಎನ್ನುವುದು ಸಾಮಾನ್ಯ ಲೆಕ್ಕ. ಡಬ್ಬಿ ಕಾಣದಿದ್ದರೆ ವ್ಯವಸ್ಥಾಪಕರನ್ನು ವಿಚಾರಿಸಬೇಕು. ನಮ್ಮವರು ಒಂದು ಮಾತು ವಿಶೇಷವಾಗಿ ನೆನಪಿಡಬೇಕು. ಮಾಂಸದ ಅಡುಗೆಯೇ ಮುಖ್ಯವಾದ ಬಿಡಾರದಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಸಾರು ಬೇಕೆಂದು ಹಟ ಹಿಡಿದು, ಅದು ತಟ್ಟೆಗೆ ಬಂದಾಗ ‘ನಮ್ಮ ಮನೆಯ ಹಾಗಿಲ್ಲ’ ಎಂದು ಮೂಗು ಮುರಿಯುವವರು ಇದ್ದಾರೆ. ಬೇರೆ ಪಾತ್ರೆ ಇಟ್ಟು ಬೇಯಿಸಿದ ಆ ಬಾಣಸಿಗನನ್ನು ಹೊರಗೆ ಕರೆದು ಕೈಗೇ ಏನಾದರೂ ಕೊಟ್ಟರೆ ಡಬ್ಬಿಯ ನಿಯಮ ಮುರಿದ ಪಾಪವೇನೂ ಬರುವುದಿಲ್ಲ.

ನೋಟುಗಳ ವಿಷಯದಲ್ಲಿ ಎಚ್ಚರ ಬೇಕು. ಪೂರ್ವ ಆಫ್ರಿಕಾದಲ್ಲಿ 2006ಕ್ಕೆ ಮೊದಲು ಮುದ್ರಣವಾದ ಡಾಲರನ್ನು ಮುಟ್ಟುವವರಿಲ್ಲ. ಇನ್ನೂ ಹೊಸತು ಬೇಕೆನ್ನುವವರೂ ಇದ್ದಾರೆ. ಅಂಚು ಹರಿದ, ಶಾಯಿ ತಾಗಿದ ನೋಟೂ ಬೇಡ. ವಿದೇಶಿ ನಾಣ್ಯವನ್ನಂತೂ ಯಾವ ಬ್ಯಾಂಕೂ ಬದಲಿಸಿಕೊಡುವುದಿಲ್ಲ. ಪರ್ಸಿನ ಮೂಲೆಯ ಯೂರೋ ನಾಣ್ಯಗಳನ್ನು ಕೂಲಿಯವನ ಕೈಗೆ ಸುರಿದು ಬರುವುದು ದಾನವಲ್ಲ, ತೊಟ್ಟಿ ಖಾಲಿ ಮಾಡುವುದು. ಒಂದು ಡಾಲರಿನ ಹತ್ತು ನೋಟಿಗೂ ಹತ್ತು ಡಾಲರಿನ ಒಂದು ನೋಟಿಗೂ ಅಲ್ಲಿ ಬೆಲೆ ಒಂದೇ ಅಲ್ಲ. ಸಣ್ಣ ನೋಟಿಗೆ ವಿನಿಮಯ ದರ ಕಡಿಮೆ. ಸ್ಥಳೀಯ ಶಿಲ್ಲಿಂಗನ್ನೇ ಕೊಟ್ಟರೆ ಪಡೆದವನಿಗೆ ಪಟ್ಟಣದ ಬ್ಯಾಂಕಿಗೆ ಹೋಗುವ ಬಸ್ಸಿನ ಖರ್ಚು ಉಳಿಯುತ್ತದೆ. 2025ರಲ್ಲಿ ಟಾಂಜಾನಿಯಾ ದೇಶದೊಳಗಿನ ಕೊಡುಕೊಳ್ಳುವಿಕೆಗೆ ವಿದೇಶಿ ಹಣ ಬಳಸಬಾರದೆಂದು ನಿಯಮ ಮಾಡಿದ್ದರಿಂದ ಅಲ್ಲಿ ಶಿಲ್ಲಿಂಗು ಜೇಬಿನಲ್ಲಿರುವುದು ಇನ್ನೂ ಒಳ್ಳೆಯದು. ಕೀನ್ಯಾದಲ್ಲಿ 2007ರಿಂದ ಮೊಬೈಲ್ ಫೋನಿನ ಮೂಲಕ ಹಣ ಕಳಿಸುವ ಎಂ-ಪೇಸಾ ಇದೆ. ಮಸಾಯ್ ದನಗಾಹಿಯ ಹೊದಿಕೆಯೊಳಗೂ ಅದು ಇರುತ್ತದೆ.

ಟಿಪ್ಸು ಸರಿಯಾದ ಕೈ ಸೇರುವುದು ಎಷ್ಟು ಕಷ್ಟ ಎನ್ನುವುದು ತಿಳಿಯಬೇಕಾದರೆ ಕಿಲಿಮಾಂಜಾರೊ ಬೆಟ್ಟದ ಕಡೆ ನೋಡಬೇಕು. ಸಫಾರಿಗೆಂದು ಟಾಂಜಾನಿಯಾಕ್ಕೆ ಹೋದ ಅನೇಕರು ಈ ಬೆಟ್ಟವನ್ನೂ ಪಟ್ಟಿಗೆ ಸೇರಿಸಿಕೊಂಡಿರುತ್ತಾರೆ. ಎತ್ತರ 5,895 ಮೀಟರ್. ಏರುವವನ ಬೆನ್ನ ಮೇಲೆ ನೀರಿನ ಬಾಟಲಿ, ಜರ್ಕಿನ್ನು ಇರುವ ಪುಟ್ಟ ಚೀಲ. ಉಳಿದದ್ದೆಲ್ಲ, ಡೇರೆ, ಅಡುಗೆಯ ಅನಿಲ, ಕುರ್ಚಿ, ಮೇಜು, ಮೊಟ್ಟೆಯ ತಟ್ಟೆ, ಕೆಲವು ತಂಡಗಳಲ್ಲಿ ಎತ್ತಿ ಒಯ್ಯುವ ಕಕ್ಕಸು ಸಹಿತ, ಹಮಾಲರ ತಲೆ ಮತ್ತು ಕುತ್ತಿಗೆಯ ಮೇಲೆ. ಒಬ್ಬನಿಗೆ 20 ಕಿಲೋ ಮಿತಿ ಎಂದು ನಿಯಮವಿದೆ, ತೂಗುವ ತಕ್ಕಡಿಯೂ ಇದೆ. ಪ್ರವಾಸಿ ಉಸಿರು ಬಿಗಿಹಿಡಿದು ಶಿಬಿರ ಮುಟ್ಟುವಷ್ಟರಲ್ಲಿ ಇವರು ಅವನನ್ನು ಹಿಂದೆ ಹಾಕಿ ಬಂದು, ಡೇರೆ ಹೊಡೆದು, ನೀರು ಕಾಯಿಸಿಟ್ಟಿರುತ್ತಾರೆ.

ನಾಲ್ಕು ಜನ ಏಳು ದಿನ ಹತ್ತುವುದಾದರೆ ಒಬ್ಬ ಮುಖ್ಯ ಮಾರ್ಗದರ್ಶಿ, ಇಬ್ಬರು ಸಹಾಯಕರು, ಒಬ್ಬ ಅಡುಗೆಯವ, ಹನ್ನೆರಡು ಹಮಾಲರು ಇದ್ದರೆ ಆಶ್ಚರ್ಯವಿಲ್ಲ. ದಿನಕ್ಕೆ ಮುಖ್ಯಸ್ಥನಿಗೆ 20, ಸಹಾಯಕರಿಗೆ ತಲಾ 15, ಅಡುಗೆಯವನಿಗೆ 12, ಹಮಾಲರಿಗೆ ತಲಾ 8 ಡಾಲರ್ ಎಂದು ಹಿಡಿದರೆ ಒಟ್ಟು 1,106 ಡಾಲರ್. ಏರುವ ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಸುಮಾರು 277. ಬೆಟ್ಟದ ಬುಡದಲ್ಲಿ ಮೊದಲ ಬಾರಿಗೆ ಈ ಮೊತ್ತ ಕೇಳಿದವರಿಗೆ ತಲೆ ಸುತ್ತು ಮೇಲೆ ಹತ್ತುವ ಮೊದಲೇ ಬರುತ್ತದೆ. ಅದೇ ಮೊತ್ತ ಹಮಾಲನ ಕಡೆಯಿಂದ ನೋಡಿದರೆ ಏಳು ದಿನದ ಹೊರೆಗೆ 56 ಡಾಲರ್.

ಆ 56 ಡಾಲರ್ ಅವನಿಗೆ ತಲುಪುತ್ತದೆಯೇ? ಹಿಂದಿನ ಪದ್ಧತಿಯಂತೆ ಇಡೀ ಮೊತ್ತವನ್ನು ಮುಖ್ಯ ಮಾರ್ಗದರ್ಶಿಯ ಕೈಗೆ ಕೊಟ್ಟು ಬಸ್ಸು ಹತ್ತಿದರೆ ತಲುಪಬಹುದು, ತಲುಪದೆಯೂ ಇರಬಹುದು. ಮುಂದಿನ ತಂಡಕ್ಕೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವವನೂ ಅದೇ ಮುಖ್ಯಸ್ಥನಾದಾಗ ಹಮಾಲ ಪ್ರಶ್ನೆ ಕೇಳಲಾರ. 2003ರಿಂದ ಕೆಲಸ ಮಾಡುತ್ತಿರುವ ಕಿಲಿಮಾಂಜಾರೊ ಹಮಾಲರ ನೆರವಿನ ಯೋಜನೆ ಇದಕ್ಕೆ ಹೇಳುವ ಉಪಾಯ ಬಹಳ ಸರಳ: ಎಲ್ಲರೂ ಸೇರಿದಾಗ, ಯಾರಿಗೆ ಎಷ್ಟು ಎಂದು ಗಟ್ಟಿಯಾಗಿ ಓದಿ ಹೇಳಿ, ಒಬ್ಬೊಬ್ಬರ ಕೈಗೂ ಕೊಡಿ. ಈಗ ಅನೇಕ ತಂಡಗಳಲ್ಲಿ ಕೊನೆಯ ದಿನ ಹಾಗೆಯೇ ನಡೆಯುತ್ತದೆ. ಹಮಾಲರು ಹಾಡಿ ಕುಣಿಯುತ್ತಾರೆ, ಪ್ರವಾಸಿ ಚೀಟಿ ಹಿಡಿದು ಹೆಸರು ಕರೆಯುತ್ತಾನೆ. ಆರು ದಿನ ತನ್ನ ಚೀಲ ಹೊತ್ತವನ ಹೆಸರು ಅನೇಕರಿಗೆ ಅಂದೇ ತಿಳಿಯುವುದು. ಉಟ್ಟ ಬಟ್ಟೆಯಲ್ಲೇ ಹಿಮದತ್ತ ನಡೆಯುವ ಹಮಾಲರಿಗೆ ಇದೇ ಯೋಜನೆ ಬೆಚ್ಚನೆ ಉಡುಪು, ಬೂಟುಗಳನ್ನು ಎರವಲು ಕೊಡುತ್ತದೆ. ಬೆಟ್ಟ ಇಳಿದವರು ಬಿಟ್ಟುಬಂದ ಬೂಟುಗಳು ಹೀಗೆ ಇನ್ನೂ ಹಲವು ಸಲ ಶಿಖರದ ದಾರಿ ಹಿಡಿಯುತ್ತವೆ. ಆದರೆ ಬೂಟು ಕೊಟ್ಟೆನೆಂದು ಹಣದಲ್ಲಿ ಕಳೆಯಬಾರದು.

ಕೊಡದೆ ಕೆಡುವುದು ಒಂದು ಕಡೆಯಾದರೆ, ಕೊಟ್ಟು ಕೆಡಿಸುವುದು ಇನ್ನೊಂದು ಕಡೆ. ಬಯಲಿಗೆ ಮರಳಿದರೆ ಅದು ಕಣ್ಣಿಗೆ ಕಾಣುತ್ತದೆ. ‘ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪಾ, ನೋಡಿಕೊಳ್ಳುತ್ತೇವೆ’ ಎನ್ನುವ ಮಾತು ನಾಗರಹೊಳೆಯ ಜೀಪಿನಲ್ಲಿ ಕೇಳಿದ್ದಷ್ಟೇ ಚೆನ್ನಾಗಿ ಮಸಾಯ್ ಮಾರಾದ ಜೀಪಿನಲ್ಲೂ ಕೇಳುತ್ತದೆ, ಭಾಷೆ ಯಾವುದಾದರೂ. ಮಾರಾದ ಮೀಸಲು ಪ್ರದೇಶದಲ್ಲಿ ದಾರಿ ಬಿಟ್ಟು ಹುಲ್ಲಿನ ಮೇಲೆ ಗಾಡಿ ಓಡಿಸುವಂತಿಲ್ಲ, ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲುವಂತಿಲ್ಲ. ಚಾಲಕನಿಗೆ ನಿಯಮ ಗೊತ್ತು. ಸಿಕ್ಕಿಬಿದ್ದರೆ ದಂಡ ತೆರುವವನೂ ಅವನೇ. ಆದರೆ ಹಿಂದೆ ಕುಳಿತವರ ಮುಖ ಸಪ್ಪಗಾದರೆ ಲಕೋಟೆ ತೆಳುವಾಗುತ್ತದೆ ಎನ್ನುವುದೂ ಅವನಿಗೆ ಗೊತ್ತು.

ಇದರ ಬೆಲೆ ತೆರುವುದು ಚೀತಾ, ಕನ್ನಡದ ಹಳೆಯ ಹೆಸರಿನಲ್ಲಿ ಶಿವಂಗಿ. ಹಗಲಿನಲ್ಲಿ ಬೇಟೆಯಾಡುವ, ಹುಲ್ಲಿನಲ್ಲಿ ಮರಿ ಬಚ್ಚಿಡುವ ಪ್ರಾಣಿ ಅದು. ಗಾಡಿಗಳು ಮುತ್ತಿದರೆ ಬೇಟೆ ತಪ್ಪುತ್ತದೆ, ಹಿಡಿದ ಬೇಟೆಯನ್ನೂ ಬಿಟ್ಟು ಸರಿಯುತ್ತದೆ. ಮಾರಾದ ಶಿವಂಗಿಗಳ ಮೇಲೆ ಫೆಮ್ಕೆ ಬ್ರೂಕ್‌ಹಾಯ್ಸ್ ಎಂಬ ವಿಜ್ಞಾನಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗಳು ಕಡಿಮೆ ಇರುವ ಕಡೆ ಒಂದು ಸೂಲಿಗೆ ಸರಾಸರಿ 2.3 ಮರಿಗಳು ಬೆಳೆದು ತಾಯಿಯನ್ನು ಬಿಟ್ಟು ಸ್ವತಂತ್ರವಾಗುತ್ತವೆ. ಪ್ರವಾಸಿಗಳು ಮುಗಿಬೀಳುವ ಕಡೆ ಆ ಸಂಖ್ಯೆ 0.2. ಅಂದರೆ ಐದು ಸೂಲಿಗೆ ಒಂದು ಮರಿ ಉಳಿದರೆ ಹೆಚ್ಚು. ಒಂದೇ ಶಿವಂಗಿಯ ಸುತ್ತ ಒಮ್ಮೆಗೇ 30 ಗಾಡಿ ನಿಂತದ್ದನ್ನೂ ಆ ಅಧ್ಯಯನದ ಕಾಲದಲ್ಲಿ ಎಣಿಸಿದ್ದಾರೆ. 2025ರ ಜುಲೈನಲ್ಲಿ ಸೆರೆಂಗೆಟಿಯ ಉತ್ತರ ಭಾಗದಲ್ಲಿ ಗಾಡಿ ಇಳಿದ ಪ್ರವಾಸಿಗಳ ಗುಂಪು ನದಿ ದಾಟಲು ಬಂದ ವೈಲ್ಡ್‌ಬೀಸ್ಟ್‌ಗಳ ದಾರಿಗೆ ಅಡ್ಡ ನಿಂತ ದೃಶ್ಯ ಜಗತ್ತೆಲ್ಲ ಹರಿದಾಡಿತು. ಅಲ್ಲಿಗೆ ಅವರನ್ನು ಕರೆದೊಯ್ದ ಚಾಲಕರನ್ನು ಬೈದವರು ಬಹಳ. ಇಳಿಯಬೇಡಿ ಎಂದು ಗದರಿಸಿದ ಚಾಲಕನಿಗೆ ಎಷ್ಟು ಟಿಪ್ಸು ಸಿಕ್ಕೀತು ಎಂದು ಯೋಚಿಸಿದವರು ಕಡಿಮೆ.

ಆದ್ದರಿಂದ ಸಂಗತಿಯನ್ನು ತಿರುಗಿಸಿ ನೋಡಬಹುದು. ಮೊದಲ ದಿನವೇ, ಗಾಡಿ ಹೊರಡುವ ಮೊದಲು, ‘ನಿಯಮ ಮೀರಿ ಹತ್ತಿರ ಹೋಗುವುದು ನಮಗೆ ಬೇಡ, ಅದರಿಂದ ನಿಮಗೆ ಕೊಡುವುದರಲ್ಲಿ ಕಡಿಮೆಯಾಗುವುದಿಲ್ಲ’ ಎಂದು ಹೇಳಿಬಿಟ್ಟರೆ ಚಾಲಕನ ಹೆಗಲಿನ ಭಾರ ಅರ್ಧ ಇಳಿಯುತ್ತದೆ. ಚಿರತೆ ಕಾಣದ್ದು ಅವನ ತಪ್ಪಲ್ಲ. ಕಾಡು ಅವನ ಮನೆಯ ಕೊಟ್ಟಿಗೆಯಲ್ಲ. ಕೆಲಸದಲ್ಲೇ ಕಳ್ಳಾಟ ಮಾಡಿದರೆ, ಕುಡಿದು ಬಂದರೆ, ಫೋನಿನಲ್ಲೇ ಮುಳುಗಿದ್ದರೆ, ಆಗ ಕಡಿತ ಮಾಡಿ ಕಾರಣವನ್ನು ಕಂಪನಿಗೆ ಬರೆದು ತಿಳಿಸಬೇಕು. ಚೆನ್ನಾಗಿ ನಡೆಸಿಕೊಂಡರೆ ಅದನ್ನೂ ಬರೆಯಬೇಕು. ಆತನ ಹೆಸರಿರುವ ನಾಲ್ಕು ಸಾಲು ಮುಂದಿನ ಹಂಗಾಮಿನಲ್ಲಿ ಅವನನ್ನು ಮತ್ತೆ ಕರೆಸಬಲ್ಲದು.

ಉದ್ಯಾನದ ಗೇಟಿನಲ್ಲಿ ಅಥವಾ ರಸ್ತೆಯಲ್ಲಿ ಯಾರಾದರೂ ‘ಚಾಯ್’ ಕೇಳಿದರೆ ಅದು ಬೇರೆ ಬಾಬ್ತು. ಕೀನ್ಯಾದಲ್ಲಿ ಚಾಯ್ ಎಂದರೆ ಚಹಾವೂ ಹೌದು, ಲಂಚವೂ ಹೌದು. ‘ಕಿಟು ಕಿಡೋಗೊ’, ಅಂದರೆ ಏನೋ ಚೂರು, ಎಂದೂ ಅದಕ್ಕೆ ಹೆಸರುಂಟು. ನಮ್ಮ ಕಚೇರಿಗಳ ಕಾಫಿ-ತಿಂಡಿ ಖರ್ಚನ್ನು ಬಲ್ಲವರಿಗೆ ಹೆಚ್ಚು ವಿವರಣೆ ಬೇಡ. ರಸೀದಿ ಕೇಳುವುದು ಅಲ್ಲಿಯೂ ಕೆಲಸ ಮಾಡುತ್ತದೆ. ದಾರಿಬದಿಯ ಮಕ್ಕಳಿಗೆ ಗಾಡಿಯ ಕಿಟಕಿಯಿಂದ ಚಾಕೊಲೇಟು ಎಸೆಯುವುದನ್ನು ಅಲ್ಲಿನ ಶಿಕ್ಷಕರೇ ಬೇಡವೆನ್ನುತ್ತಾರೆ. ಶಾಲೆ ಬಿಟ್ಟು ರಸ್ತೆಗೆ ಬರುವ ಚಟ ಹತ್ತುತ್ತದೆ. ಕೊಡಲೇಬೇಕೆಂದಿದ್ದರೆ ಶಾಲೆಗೇ ಕೊಡಬಹುದು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬಾರದು. ಕೀನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ಅದನ್ನು ನಿಷೇಧಿಸಿವೆ. ಮಸಾಯ್ ಹಟ್ಟಿಗೆ ಹೋದರೆ ಪ್ರವೇಶದ ಹಣ, ಫೋಟೊದ ಹಣ ಎರಡನ್ನೂ ಒಳಗೆ ಕಾಲಿಡುವ ಮೊದಲೇ ಮಾತಾಡಿಕೊಳ್ಳಬೇಕು. ಚಿತ್ರ ತೆಗೆದ ಮೇಲೆ ಚೌಕಾಸಿ ಮಾಡುವುದು ಎರಡು ಕಡೆಗೂ ಶೋಭೆಯಲ್ಲ.

ಗೊರಿಲ್ಲಾ ನೋಡಲು ಉಗಾಂಡಾಕ್ಕೋ ರುವಾಂಡಾಕ್ಕೋ ಮುಂದುವರಿಯುವವರಿಗೆ ಟಿಪ್ಸಿನ ಮಾತು ಮತ್ತೊಮ್ಮೆ ಎದುರಾಗುತ್ತದೆ. ರುವಾಂಡಾದಲ್ಲಿ ಒಬ್ಬರ ಪರವಾನಗಿಗೆ 2017ರಿಂದ 1,500 ಡಾಲರ್, ಉಗಾಂಡಾದಲ್ಲಿ 2024ರ ಜುಲೈನಿಂದ ವಿದೇಶಿಯರಿಗೆ 800. ಅಷ್ಟು ಕೊಟ್ಟು ಎಂಟು ಜನರ ಗುಂಪಿನಲ್ಲಿ ಒಂದು ಗಂಟೆ ಗೊರಿಲ್ಲಾ ಕುಟುಂಬವನ್ನು ನೋಡಬಹುದು. ಪ್ರವಾಸಿಗಳು ತಿಂಡಿ ತಿನ್ನುವ ಹೊತ್ತಿಗೆ ಜಾಡುಗಾರರು ಕಾಡು ಹೊಕ್ಕು, ಹಿಂದಿನ ದಿನ ಗೊರಿಲ್ಲಾಗಳು ಮಲಗಿದ ಸೊಪ್ಪಿನ ಹಾಸಿಗೆಯಿಂದ ಜಾಡು ಹಿಡಿದು, ಹಿಂಡನ್ನು ಕಂಡು ಸುದ್ದಿ ಕಳಿಸಿರುತ್ತಾರೆ. ಕೊನೆಯಲ್ಲಿ ಭೇಟಿಯಾಗುವ ಅವರಿಗೂ ಒಂದು ಪಾಲು ಇಡಬೇಕು. ಕಾಡಿನ ಅಂಚಿನಲ್ಲಿ ಸಮವಸ್ತ್ರ ತೊಟ್ಟ ಹಮಾಲರು ಸಾಲಾಗಿ ನಿಂತಿರುತ್ತಾರೆ. ಸುತ್ತಲಿನ ಹಳ್ಳಿಯವರು. ಅವರಲ್ಲಿ ಕೆಲವರು ಹಿಂದೆ ಇದೇ ಕಾಡಿನಲ್ಲಿ ಉರುಳು ಹಾಕುತ್ತಿದ್ದವರು. ಇಪ್ಪತ್ತು ಡಾಲರಿನಷ್ಟು ಕೂಲಿ. ಬ್ವಿಂಡಿಯ ಜಾರು ಇಳಿಜಾರಿನಲ್ಲಿ ಕೈ ಹಿಡಿದು ಎಳೆಯುವುದೂ ಅದರಲ್ಲೇ ಸೇರಿದೆ. ಸಾಲಿನಲ್ಲಿ ನಿಂತವರಿಗೆ ಸರದಿ ಬರುವುದು ಹಲವು ದಿನಕ್ಕೊಮ್ಮೆ. ಚೀಲ ಹಗುರ, ಕಾಲು ಗಟ್ಟಿ, ಹಮಾಲ ಏಕೆ ಎಂದು ಯುವಕರು ಮುಂದೆ ನಡೆದುಬಿಡುವುದುಂಟು. ತಿಳಿದವರು ಕ್ಯಾಮೆರಾ ಒಂದನ್ನೇ ಇಟ್ಟ ಚೀಲವನ್ನಾದರೂ ಒಬ್ಬನ ಬೆನ್ನಿಗೆ ಕೊಟ್ಟು, ಕೈಗೆ ಊರುಗೋಲು ಹಿಡಿದು ಹಿಂದೆ ಹೊರಡುತ್ತಾರೆ.